ಗ್ರೀಕ್ ರೋಲಿನ ವಿರುದ್ಧ ನಾಲ್ಕು ನಿಮಿಷ

ಮೊಸರಿಗೆ ಜಜ್ಜಿದ ಬೆಳ್ಳುಳ್ಳಿ ಬಿದ್ದ ವಾಸನೆ ಬಂದರೆ ಸಾಕು, ನನಗೆ ಈಗಲೂ ಎದ್ದು ನಿಂತು ‘ಮಾನ್ಯ ತೀರ್ಪುಗಾರರೇ’ ಎನ್ನಬೇಕೆನಿಸುತ್ತದೆ. ಮೊನ್ನೆ ಅಕ್ಕನ ಮನೆಯಲ್ಲೂ ಹಾಗೇ ಆಯಿತು. ಅಕ್ಕ ಸೌತೆಕಾಯಿ ತುರಿದು, ಗಟ್ಟಿ ಮೊಸರು ಸೇರಿಸಿ, ಟೀವಿಯಲ್ಲಿ ಯಾರೋ ಮಾಡಿದ್ದು ನೋಡಿದೆ ಎಂದು ಎರಡು ಎಸಳು ಬೆಳ್ಳುಳ್ಳಿಯನ್ನೂ ಜಜ್ಜಿ ಹಾಕಿದ್ದಳು. ನಾನು ಒಂದು ಚಮಚ ಬಾಯಿಗಿಟ್ಟು ಸುಮ್ಮನೆ ಕೂತೆ.

“ಎಂತ ಆಯ್ತು? ಒಳ್ಳೇದಿಲ್ವಾ?”

“ಒಳ್ಳೇದುಂಟು” ಎಂದೆ.

ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರ ಎಲ್ಲ ಇಲ್ಲ” ಎಂದು ಭಾವನಿಗೆ ವರದಿ ಒಪ್ಪಿಸಿದಳು.

ನನ್ನನ್ನು ಬಲ್ಲವರು ಯಾರಾದರೂ ಹಾಗೇ ಮಾಡುತ್ತಿದ್ದರು. ನಮ್ಮದು ಕಾಪು. ಸಮುದ್ರದ ಪಕ್ಕದ ಹುಡುಗರು ಈಜು ಕಲಿಯುವ ವಯಸ್ಸಿನಲ್ಲಿ ನಾನು ತಕರಾರು ಕಲಿತೆ. ಸತ್ತವರಿಗೆಂದು ಎಲೆಯಲ್ಲಿಟ್ಟ ಅನ್ನವನ್ನು ಕಾಗೆ ಮುಟ್ಟದಿದ್ದರೆ ಅದು ಅಜ್ಜನ ಸಿಟ್ಟೋ ಅಥವಾ ಕಾಗೆಯ ಹೊಟ್ಟೆ ತುಂಬಿದ್ದೋ ಎಂದು ಕೇಳಿ ದೊಡ್ಡಪ್ಪನಿಂದ ಬೈಸಿಕೊಂಡವನು. ಅದಕ್ಕಿಂತ ದೊಡ್ಡ ಸಾಧನೆಯೊಂದಿದೆ. ಒಮ್ಮೆ ಅಮ್ಮನ ಜೊತೆ ಉಡುಪಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಕಡೆ ನೋಡಿ “ಎಷ್ಟು ವರ್ಷ?” ಎಂದ. ಅಮ್ಮ “ಹನ್ನೊಂದು” ಎಂದಳು. ಅರ್ಧ ಟಿಕೆಟಿನ ಆಸೆ. ನಾನು ಎದ್ದು ನಿಂತು, ಕಂಬ ಹಿಡಿದುಕೊಂಡು, ಹುಟ್ಟಿದ ತಾರೀಕು, ಶಾಲೆಗೆ ಸೇರಿದ ವರ್ಷ, ಅಕ್ಕನಿಗೂ ನನಗೂ ಇರುವ ಅಂತರ, ಎಲ್ಲವನ್ನೂ ಮಂಡಿಸಿ ನನಗೆ ಹನ್ನೆರಡು ವರ್ಷ ಮೂರು ತಿಂಗಳು ಎಂದು ಸಾಧಿಸಿಬಿಟ್ಟೆ. ಬಸ್ಸಿಗೆ ಬಸ್ಸೇ ನಕ್ಕಿತು. ಅಮ್ಮ ಉಡುಪಿ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆ ದಿನ ನನಗೆ ಗಡ್‌ಬಡ್ ಐಸ್‌ಕ್ರೀಮ್ ಸಿಗಲಿಲ್ಲ. ಅದು ಹೇಗೆ ಅನ್ಯಾಯ ಎಂದು ವಾಪಸು ಬರುವ ಬಸ್ಸಿನಲ್ಲಿ ವಾದಿಸಿದೆ.

ಇಂಥವನು ಕಾಲೇಜಿಗೆ ಬಂದು ಚರ್ಚಾಸ್ಪರ್ಧೆಯ ತಂಡಕ್ಕೆ ಸೇರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕಾಲೇಜು ಉಡುಪಿಯಲ್ಲಿ. ತಂಡವೆಂದರೆ ಮೂರು ಜನ. ಉಚ್ಚಿಲದ ಹರೀಶ, ಬೆಳ್ಮಣ್ಣಿನ ಪ್ರೆಸಿಲ್ಲಾ, ನಾನು. ಹರೀಶನಿಗೂ ನನಗೂ ಮನೆಮಾತು ತುಳು, ಅವಳದು ಕೊಂಕಣಿ. ಹರಟೆಗೆ ಯಾವ ಭಾಷೆಯಾದರೂ ಆಗುತ್ತಿತ್ತು. ಜಗಳಕ್ಕೆ ಮಾತ್ರ ಕನ್ನಡವೇ ಬೇಕು. ನಮ್ಮನ್ನು ತಯಾರು ಮಾಡುತ್ತಿದ್ದ ಇತಿಹಾಸದ ಸರ್ ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಎಲ್ಲಿ ಕೂತರೂ, ಬಸ್ಸಿಗೆ ಕಾಯುವಾಗಲೂ, ಒಂದು ವಿಷಯ ಎತ್ತಿಕೊಳ್ಳಬೇಕು. ಎರಡು ಹಳೆಯ ಬಸ್ ಟಿಕೆಟ್ ತೆಗೆದು, ಒಂದರ ಮೂಲೆ ಹರಿದು, ಎರಡನ್ನೂ ಮಡಚಿ ಎಸೆಯಬೇಕು. ಹರಿದ ಟಿಕೆಟ್ ಬಂದವರು ವಿರೋಧ, ಇಡೀ ಟಿಕೆಟ್ ಬಂದವರು ಪರ. ಇಬ್ಬರಿಗೂ ನಾಲ್ಕು ನಾಲ್ಕು ನಿಮಿಷ. ಕೊನೆಗೆ ಪರ ಮಾತಾಡಿದವರಿಗೆ ಉತ್ತರ ಕೊಡಲು ಇನ್ನೊಂದು ನಿಮಿಷ. “ಆದರೆ ಸರ್, ನನಗೆ ಅನಿಸುವುದು ಬೇರೆ” ಎಂದು ಪ್ರೆಸಿಲ್ಲಾ ಒಮ್ಮೆ ಹೇಳಿದ್ದಳು. “ನಿನಗೆ ಅನಿಸಿದ್ದನ್ನು ಮನೆಗೆ ಹೋಗಿ ಹೇಳಮ್ಮ. ಇಲ್ಲಿ ಟಿಕೆಟ್ ಏನು ಹೇಳ್ತದೆ ಅದನ್ನು ಹೇಳು” ಎಂದರು ಸರ್. ನನಗೆ ಆ ಮಾತು ಬಹಳ ಹಿಡಿಸಿತ್ತು. ಅನಿಸುವುದು ಎಂಬ ಕೆಲಸವೇ ಇಲ್ಲದೆ ಮಾತಾಡಬಹುದು ಎಂದರೆ ಎಷ್ಟು ಹಗುರ!

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಒಂದು ದಿನ ಪ್ರೆಸಿಲ್ಲಾ, “ಮಣಿಪಾಲದಲ್ಲಿ ಒಂದು ಗ್ರೀಕ್ ರೋಲಿನ ಅಂಗಡಿ ಆಗಿದೆ. ಹೋಗುವಾ? ನಾನು ಕೊಡಿಸ್ತೇನೆ” ಎಂದಳು. ಆಗಿನ ಕಾಲದಲ್ಲಿ ಉಡುಪಿಯ ಕಾಲೇಜಿನ ನಮಗೆ ಮಣಿಪಾಲವೆಂದರೆ ಪಾಸ್‌ಪೋರ್ಟ್ ಬೇಡದ ವಿದೇಶ. ಗುಡ್ಡ ಹತ್ತಿದರೆ ಸಾಕು, ಹಿಂದಿ, ಇಂಗ್ಲಿಷ್, ಚಡ್ಡಿ ಹಾಕಿಕೊಂಡು ಬೈಕ್ ಓಡಿಸುವ ಹುಡುಗಿಯರು. ಅಲ್ಲಿಯ ಹೋಟೆಲಿಗೆ ಹೋಗಬೇಕಾದರೆ ಆರ್ಡರ್ ಮಾಡಲು ಗೊತ್ತಿರುವ ಒಬ್ಬರು ಜೊತೆಗಿರಬೇಕು. ನಮಗೆ ಗೊತ್ತಿದ್ದ ಗ್ರೀಕರೆಂದರೆ ಇತಿಹಾಸದ ಪಾಠದವರು. ಅವರು ಏನು ತಿನ್ನುತ್ತಾರೆಂದು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ. ಪುಕ್ಕಟೆ ಎಂದ ಮೇಲೆ ಹರೀಶ ಆಗಲೇ ಚಪ್ಪಲಿ ಮೆಟ್ಟಿದ್ದ.

ಇಲ್ಲೊಂದು ವಿಷಯವನ್ನು ನಿಮಗೆ ಈಗಲೇ ಹೇಳಿಬಿಡುವುದು ನ್ಯಾಯ. ನನಗೆ ಅದು ಗೊತ್ತಾದದ್ದು ಮೂರು ವಾರ ತಡವಾಗಿ. ಆ ಅಂಗಡಿ ಪ್ರೆಸಿಲ್ಲಾಳ ಅಪ್ಪನದು. ಫೆಲಿಕ್ಸ್ ಎಂದು ಹೆಸರು. ಹಡಗಿನಲ್ಲಿ ಅಡುಗೆಯವರಾಗಿದ್ದರು. ವರ್ಷಕ್ಕೆ ಹತ್ತು ತಿಂಗಳು ನೀರಿನ ಮೇಲೆ. ಅದನ್ನು ಬಿಟ್ಟು ಊರಲ್ಲೇ ಇರುತ್ತೇನೆಂದು ಈ ಅಂಗಡಿ ಹಾಕಿ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಹಡಗಿನವರು ಮತ್ತೆ ಕರೆದಿದ್ದರು. ಬರುತ್ತೀಯೋ ಇಲ್ಲವೋ, ಶನಿವಾರದೊಳಗೆ ತಿಳಿಸು ಎಂದು. ಫೆಲಿಕ್ಸ್ ಅಂಕಲ್ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎಂಬಂತಿದ್ದರು. ಪ್ರೆಸಿಲ್ಲಾಳಿಗೆ ಅಪ್ಪ ಮನೆಯಲ್ಲಿರಬೇಕಿತ್ತು. ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ಮನೆಯಲ್ಲಿ ನನ್ನ ಸುದ್ದಿ ಮೊದಲೇ ಹೇಳಿದ್ದಳು, ಯಾವುದನ್ನೂ ಒಳ್ಳೆಯದೆಂದು ಒಪ್ಪದ ಒಬ್ಬ ಹುಡುಗ ನಮ್ಮ ತಂಡದಲ್ಲಿದ್ದಾನೆಂದು. ಅಂಥವನ ಬಾಯಿಂದ ‘ಒಳ್ಳೇದುಂಟು’ ಎಂದು ಅಪ್ಪನ ಎದುರಿಗೆ ಬಂದರೆ ಅಪ್ಪ ನಂಬುತ್ತಾರೆ. ನನಗೆ ಮೊದಲೇ ತಿಳಿಸಿದರೆ ದಾಕ್ಷಿಣ್ಯಕ್ಕೆ ಹೇಳಿದಂತಾಗುತ್ತದೆ. ಆದ್ದರಿಂದ ಅಪ್ಪ ಮಗಳು ಇಬ್ಬರೂ ಗುರುತಿಲ್ಲದವರಂತೆ ಇರುವುದೆಂದು ಮಾತಾಗಿತ್ತು. ಅವರು ವರ್ಷಗಟ್ಟಲೆ ಊರಲ್ಲಿಲ್ಲದ್ದರಿಂದ ನಾವು ಯಾರೂ ಅವರನ್ನು ನೋಡಿದವರಲ್ಲ.

ಅಂಗಡಿ ಚಿಕ್ಕದು. ನೀಲಿ ಬಿಳಿ ಪಟ್ಟೆಯ ಬೋರ್ಡು, ಮೂರು ಮೇಜು, ಒಂದು ದೊಡ್ಡ ಕಾವಲಿ. ಅದರ ಹಿಂದೆ ಗಿಡ್ಡನೆಯ ಮನುಷ್ಯ. ಮುಂಗೈ ತುಂಬ ಎಣ್ಣೆ ಸಿಡಿದ ಕಲೆಗಳು. ಗಟ್ಟಿ ನೆಲದ ಮೇಲೂ, ಅದು ಈಗ ವಾಲುತ್ತದೆ ಎಂಬಂತೆ ಕಾಲು ಅಗಲಿಸಿ ನಿಂತಿದ್ದರು.

“ಬನ್ನಿ ಮಕ್ಳೇ, ಕೂತ್ಕೊಳ್ಳಿ.”

“ಅಂಕಲ್, ಇದರಲ್ಲಿ ಗ್ರೀಕ್ ಎಂತ ಉಂಟು?” ಕೂರುವ ಮೊದಲೇ ಕೇಳಿದವನು ನಾನು.

“ಮೊದಲು ತಿನ್ನಿ. ಮತ್ತೆ ಕೇಳಿ” ಎಂದು ನಕ್ಕರು. ನಗುವಾಗ ಒಮ್ಮೆ ಪ್ರೆಸಿಲ್ಲಾಳ ಕಡೆ ನೋಡಿದ್ದರೆಂದು ಈಗ ಅನಿಸುತ್ತದೆ. ಈಗ ಬೇಕಾದದ್ದೆಲ್ಲ ಅನಿಸುತ್ತದೆ.

ರೋಲ್ ಬಂತು. ಬೆಚ್ಚಗಿನ ದಪ್ಪ ರೊಟ್ಟಿಯಂಥದ್ದರ ಒಳಗೆ ನಿಂಬೆಹುಳಿ ಹಿಂಡಿ ಸುಟ್ಟ ಕೋಳಿ, ಈರುಳ್ಳಿ, ಟೊಮೇಟೊ, ಮೇಲಿಂದ ಬೆಳ್ಳುಳ್ಳಿ ಹಾಕಿದ ಸೌತೆಕಾಯಿ ಮೊಸರು. ಕೆಳಗರ್ಧ ಎಣ್ಣೆಕಾಗದದಲ್ಲಿ ಸುತ್ತಿತ್ತು. ಹರೀಶ ಕಾಗದವನ್ನು ಪೂರ್ತಿ ಬಿಚ್ಚಿದ. ಮೊಸರು ಅವನ ಮೊಣಕೈಯಿಂದ ತೊಟ್ಟಿಕ್ಕತೊಡಗಿತು. ನಾನು ಬಿಚ್ಚಲೇ ಇಲ್ಲ. ಮೂರನೇ ಸಲ ಕಚ್ಚಿದಾಗ ಕಾಗದವೂ ಬಾಯಿಗೆ ಬಂತು.

“ಹೇ, ಪೇಪರ್ ತಿಂತಿದ್ದಿಯಲ್ಲಾ ಮಾರಾಯ!” ಎಂದ ಹರೀಶ.

“ಗೊತ್ತುಂಟು. ಇದು ತಿನ್ನುವ ಕಾಗದ” ಎಂದು ಅಗಿದು ನುಂಗಿದೆ. ಸೋಲೊಪ್ಪುವುದಕ್ಕಿಂತ ಕಾಗದ ನುಂಗುವುದು ನನಗೆ ಸುಲಭ.

ರುಚಿ? ಸುಳ್ಳು ಹೇಳುವುದಿಲ್ಲ, ಅಷ್ಟು ಒಳ್ಳೆಯದನ್ನು ನಾನು ಅಲ್ಲಿಯವರೆಗೆ ಹೊರಗೆಲ್ಲೂ ತಿಂದಿರಲಿಲ್ಲ. ಎರಡನೆಯದನ್ನು ಕೇಳಿ ಹಾಕಿಸಿಕೊಂಡೆ. ರೊಟ್ಟಿ ಇಷ್ಟು ಮೆತ್ತಗೆ ಹೇಗೆಂದು ಕೇಳಿದಾಗ ಅಂಕಲ್ ಮೇಜಿನ ಹತ್ತಿರ ಬಗ್ಗಿ, “ಯಾರಿಗೂ ಹೇಳ್ಬೇಡಿ ಆಯ್ತಾ. ಹಿಟ್ಟು ಹುಳಿ ಬರ್ಲಿಕ್ಕೆ ಊರಿನ ಶೇಂದಿ ಹಾಕುದು. ನಮ್ಮಲ್ಲಿ ‘ಸಣ್ಣ’ ಅಂತ ಇಡ್ಲಿ ಮಾಡುವಾಗ ಹಾಕ್ತಾರಲ್ಲ, ಹಾಗೆ. ನಾನು ಅಡುಗೆ ಮಾಡ್ತಿದ್ದ ಹಡಗಿನ ಗ್ರೀಕ್ ಕಪ್ತಾನನಿಗೂ ಇಷ್ಟು ಲಾಯ್ಕ್ ರೊಟ್ಟಿ ಸಿಗ್ಲಿಲ್ಲ ಪಾಪ” ಎಂದರು. ಹಡಗಿನಿಂದ ತಂದ ಗ್ರೀಕ್ ಒಣಸೊಪ್ಪಿನ ಡಬ್ಬಿ ಮುಗಿದ ಮೇಲೆ ಹಿತ್ತಿಲ ದೊಡ್ಡಪತ್ರೆಯನ್ನೇ ಒಣಗಿಸಿ ಪುಡಿ ಮಾಡಿ ಹಾಕುತ್ತಿರುವುದನ್ನೂ ಹೇಳಿದರು. ಒಬ್ಬ ಅಡುಗೆಯವನು ತನ್ನ ಗುಟ್ಟನ್ನು ಇಬ್ಬರು ಹುಡುಗರ ಕೈಗೆ ಕೊಟ್ಟಿದ್ದ.

ಆ ಹೊತ್ತಿಗೆ ಹೇಳಬೇಕಿದ್ದದ್ದು ಎರಡೇ ಪದ. ಲಾಯ್ಕ್ ಉಂಟು. ಪ್ರೆಸಿಲ್ಲಾ ನನ್ನ ಮುಖವನ್ನೇ ನೋಡುತ್ತಿದ್ದಳು. “ಹೇಗುಂಟು? ಹೇಳು” ಎಂದಳು.

ನಾನು ಜೇಬಿನಿಂದ ಎರಡು ಬಸ್ ಟಿಕೆಟ್ ತೆಗೆದೆ.

“ಮುಂದಿನ ವಾರ ಸ್ಪರ್ಧೆ ಉಂಟಲ್ಲ, ಅಭ್ಯಾಸ ಆಗ್ತದೆ. ವಿಷಯ: ಈ ಅಂಗಡಿ ಮಣಿಪಾಲದಲ್ಲಿ ಬಾಳುತ್ತದೆ. ಹರೀಶ ಸಮಯ ನೋಡಲಿ. ಅಂಕಲ್, ನೀವೇ ತೀರ್ಪುಗಾರರು!”

“ಬೇಡ ಮಾರಾಯ, ಇವತ್ತು ಬೇಡ” ಎಂದಳು ಅವಳು.

“ಎಂತ, ಹೆದರಿಕೆಯಾ?”

ಅಂಕಲ್ ಕೈ ಒರೆಸಿಕೊಳ್ಳುತ್ತಾ, “ಮಾಡ್ಲಿ, ಮಾಡ್ಲಿ. ನಂಗೂ ಕೇಳ್ಬೇಕು” ಎಂದರು. ಅವರು ನಿಜಕ್ಕೂ ಕೇಳಬೇಕೆಂದೇ ಹೇಳಿದ್ದು.

ಟಿಕೆಟ್ ಬಿತ್ತು. ಇಡೀ ಟಿಕೆಟ್ ಅವಳಿಗೆ, ಹರಿದದ್ದು ನನಗೆ.

ಪ್ರೆಸಿಲ್ಲಾ ನಮ್ಮ ತಂಡದ ನಿಜವಾದ ಶಕ್ತಿ. ಶೀಲ್ಡು ಬಂದಾಗ ಮುಂದೆ ಹೋಗಿ ಫೋಟೋಕ್ಕೆ ನಿಲ್ಲುತ್ತಿದ್ದವನು ಮಾತ್ರ ನಾನು. ಆ ದಿನ ಅವಳ ಮಾತು ತಡವರಿಸಿತು. ಕೈಯಲ್ಲಿ ಹಿಡಿದು ನಡೆಯುತ್ತಲೇ ತಿನ್ನಬಹುದು, ಹೊಟ್ಟೆ ತುಂಬುತ್ತದೆ ಎಂದೆಲ್ಲ ಶುರುಮಾಡಿ, ಕಾವಲಿಯ ಕಡೆ ನೋಡಿ, “ಇಲ್ಲಿ ಅಡುಗೆ ಮಾಡುವವರು ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಹಿಟ್ಟು ಕಲಸುತ್ತಾರೆ. ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಬಾಳಲೇಬೇಕು” ಎಂದು ಕೂತುಬಿಟ್ಟಳು. ಇನ್ನೂ ಒಂದೂವರೆ ನಿಮಿಷ ಉಳಿದಿತ್ತು.

ನಾನು ಎದ್ದೆ. ಅಷ್ಟರಲ್ಲಿ ಪಕ್ಕದ ಮೇಜಿನ ನಾಲ್ಕೈದು ಹುಡುಗರೂ ಕುರ್ಚಿ ತಿರುಗಿಸಿಕೊಂಡಿದ್ದರು. ನನಗೆ ಸಭೆ ಕಂಡರೆ ಆಯಿತು.

“ಮಾನ್ಯ ತೀರ್ಪುಗಾರರೇ, ಬೆಳಗಿನ ನಾಲ್ಕು ಗಂಟೆಯ ಸುದ್ದಿ ನನ್ನ ಎದುರಾಳಿಗೆ ಕನಸಿನಲ್ಲಿ ಬಿತ್ತೇ? ಆಧಾರವಿಲ್ಲದ ಹೇಳಿಕೆ. ಬಿಡಿ. ಈ ಗ್ರೀಕ್ ರೋಲಿನಲ್ಲಿ ಗ್ರೀಕ್ ಎಲ್ಲಿದೆ, ಹುಡುಕೋಣ. ಸೌತೆಕಾಯಿ ಮೊಸರು ನನ್ನ ಅಮ್ಮನ ಪಚ್ಚಡಿ. ಸೊಪ್ಪು ಹಿತ್ತಿಲ ದೊಡ್ಡಪತ್ರೆ. ರೊಟ್ಟಿ ಉಬ್ಬಿದ್ದು ಊರಿನ ಶೇಂದಿಯಿಂದ!” ಹುಡುಗರು ಹೋ ಎಂದರು. ಒಬ್ಬ ರೋಲನ್ನು ಮೂಸಿ ನೋಡಿದ. “ಇನ್ನು ಗಿರಾಕಿಗಳು. ಮಣಿಪಾಲದ ಹೊಟ್ಟೆ ವಿದ್ಯಾರ್ಥಿಗಳ ಹೊಟ್ಟೆ. ರಜೆ ಸಿಕ್ಕಿತೋ, ಹೊಟ್ಟೆಗಳೆಲ್ಲ ರೈಲು ಹತ್ತಿ ಹೋಗುತ್ತವೆ. ಮಳೆಗಾಲದ ಎರಡು ತಿಂಗಳು ಈ ಬೀದಿಯಲ್ಲಿ ರೋಲ್ ತಿನ್ನುವವರು ಯಾರು? ನಾಯಿಗಳೇ? ಕೊನೆಯದಾಗಿ, ಒಂದು ಸಲಹೆ. ಹಡಗಿನ ಅಡುಗೆಯವರು ಹಡಗಿನಲ್ಲೇ ಇರುವುದು ಕ್ಷೇಮ. ಅಲ್ಲಿ ಗಿರಾಕಿಗಳು ಎದ್ದು ಓಡಿಹೋಗುವ ಹಾಗಿಲ್ಲ!”

ಅಂಗಡಿ ಚಪ್ಪಾಳೆಯಿಂದ ತುಂಬಿತು. ಅಂಕಲ್ ಕೂಡ ನಕ್ಕರು. ಹರೀಶ ಚಮಚದಿಂದ ಲೋಟಕ್ಕೆ ಟಿಣ್ ಎಂದು ಹೊಡೆದು, “ಪ್ರೆಸಿಲ್ಲಾ, ಉತ್ತರ. ಒಂದು ನಿಮಿಷ” ಎಂದ. ಅವಳು ಎದ್ದು ನಿಂತಿದ್ದಳು. ಈ ಬಾರಿ ಅವಳ ಮುಖ ತಡವರಿಸುವವಳದ್ದಾಗಿರಲಿಲ್ಲ. ಬಾಯಿ ತೆರೆದೂ ಇದ್ದಳು. ಆ ಮುಖ ನನಗೆ ಗೊತ್ತು. ಆ ಮುಖದ ಎದುರು ಎಷ್ಟೋ ಕಾಲೇಜುಗಳವರು ಮಣ್ಣುಮುಕ್ಕಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೆ. ಆ ಚಪ್ಪಾಳೆಯ ಮೇಲೆ ಇನ್ನೊಬ್ಬರ ಮಾತು ಬೀಳುವುದು ನನಗೆ ಬೇಡವಾಗಿತ್ತು.

“ಬಸ್ಸು ಬಂತು, ಬಸ್ಸು ಬಂತು! ಉತ್ತರ ಎಲ್ಲ ನಾಳೆ ಕೇಳುವಾ. ಅಂಕಲ್, ತೀರ್ಪು ಹೇಳಿ” ಎಂದೆ.

ಮಣಿಪಾಲದಿಂದ ಉಡುಪಿಗೆ ಐದೈದು ನಿಮಿಷಕ್ಕೆ ಬಸ್ಸಿತ್ತು.

ಫೆಲಿಕ್ಸ್ ಅಂಕಲ್ ಒಂದು ಗಳಿಗೆ ಮಗಳ ಕಡೆ ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿ, “ಹುಡುಗ ಹೇಳಿದ್ದು ಸರಿ ಉಂಟು. ನೀನೇ ಗೆದ್ದದ್ದು” ಎಂದರು. ಬಹುಮಾನವೆಂದು ಮೂರನೆಯ ರೋಲೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಪ್ರೆಸಿಲ್ಲಾ ಜೆರಾಕ್ಸ್ ಮಾಡಿಸಲಿಕ್ಕುಂಟು, ನೀವು ಹೋಗಿ ಎಂದು ಅಲ್ಲೇ ಉಳಿದಳು. ನಾನು ಬಸ್ಸಿನಲ್ಲಿ ಹರೀಶನಿಗೆ ಒಂದು ಚೂರೂ ಕೊಡದೆ ತಿಂದೆ.

ಮೂರು ವಾರ ಬಿಟ್ಟು, ಆ ರುಚಿ ನೆನಪಾಗಿ, ಯಾರಿಗೂ ಹೇಳದೆ ಒಬ್ಬನೇ ಮಣಿಪಾಲದ ಬಸ್ಸು ಹತ್ತಿದೆ. ಬಾಗಿಲು ಹಾಕಿತ್ತು. ಬೋರ್ಡು ಇರಲಿಲ್ಲ, ಅದನ್ನು ಹೊಡೆದಿದ್ದ ಮೊಳೆಗಳು ಮಾತ್ರ ಇದ್ದವು. ಮರುದಿನ ಕಾಲೇಜಿನಲ್ಲಿ ಪ್ರೆಸಿಲ್ಲಾಳ ಎದುರು, “ನೋಡು, ನಾನು ಹೇಳಿದ ಹಾಗೇ ಆಯ್ತು. ಅಂಗಡಿ ಮುಚ್ಚಿದೆ” ಎಂದು ಹೆಮ್ಮೆಯಿಂದಲೇ ಹೇಳಿದೆ.

ಆಗ ಅವಳು ಎಲ್ಲವನ್ನೂ ಹೇಳಿದಳು. ಸಿಟ್ಟಿನಿಂದಲ್ಲ. ನಾವು ಹೋದ ಮರುದಿನ, ಶುಕ್ರವಾರ ಸಂಜೆಯೇ ಅಪ್ಪ ಹಡಗಿನವರಿಗೆ ಬರುತ್ತೇನೆಂದು ತಿಳಿಸಿದ್ದು, ಸೋಮವಾರ ಮುಂಬೈ ಬಸ್ಸು ಹತ್ತಿದ್ದು. “ನೀನು ಒಳ್ಳೇದುಂಟು ಅಂದಿದ್ರೆ ಪಪ್ಪ ಉಳೀತಿದ್ರು” ಎಂದಳು.

ನಾನು ಆಗ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಬೆರಳು ಮಡಚುತ್ತಾ ವಾದಿಸಿದೆ. ಒಂದು, ಮುಖ್ಯ ವಿಷಯವನ್ನು ಮುಚ್ಚಿಟ್ಟವಳು ನೀನು. ಎರಡು, ನನ್ನನ್ನು ವಿರೋಧ ಮಾಡಿದ್ದು ಟಿಕೆಟ್. ಮೂರು, ಪ್ರಪಂಚ ಸುತ್ತಿದ ಮನುಷ್ಯ ಒಬ್ಬ ಹುಡುಗನ ನಾಲ್ಕು ನಿಮಿಷದ ಮಾತಿನ ಮೇಲೆ ತೀರ್ಮಾನ ಮಾಡುವುದಿಲ್ಲ. ಮೂರೂ ಪಾಯಿಂಟು ಗಟ್ಟಿಯಾಗಿದ್ದವು. ಇಂದಿಗೂ ಯಾರೂ ಅಲ್ಲಾಡಿಸಲಾರರು. ಅವಳು ಪೂರ್ತಿ ಕೇಳಿಸಿಕೊಂಡು, “ಆಯ್ತು, ಗೆದ್ದಿ ಬಿಡು” ಎಂದು ಪುಸ್ತಕ ಎತ್ತಿಕೊಂಡು ಹೋದಳು. ಮತ್ತೆ ತಂಡಕ್ಕೆ ಬರಲಿಲ್ಲ. ಅವಳಿಲ್ಲದೆ ನಾವು ಆ ವರ್ಷ ಒಂದು ಶೀಲ್ಡನ್ನೂ ತರಲಿಲ್ಲ.

ಈಗ ನಾನು ಉಡುಪಿಯಲ್ಲಿ ವಕೀಲರೊಬ್ಬರ ಕೈಕೆಳಗೆ ಜೂನಿಯರ್. ಇಷ್ಟು ವರ್ಷ ಹರಿದ ಟಿಕೆಟಿನಿಂದಲೇ ಹೊಟ್ಟೆ ಹೊರೆಯುತ್ತಿದ್ದೇನೆ ಎನ್ನಬಹುದು. ಕಳೆದ ತಿಂಗಳು ಒಂದು ಕೇಸಿಗೆಂದು ಕಾರ್ಕಳ ಕೋರ್ಟಿಗೆ ಹೋಗಿದ್ದವನಿಗೆ ಬಸ್‌ಸ್ಟ್ಯಾಂಡಿನಲ್ಲಿ ಪ್ರೆಸಿಲ್ಲಾ ಸಿಕ್ಕಳು. ಅಲ್ಲಿಯ ಹೈಸ್ಕೂಲಿನಲ್ಲಿ ಟೀಚರ್. ಅವಳೇ ಮಾತಾಡಿಸಿದಳು. ಅಪ್ಪನಿಗೆ ಮಂಡಿನೋವು ಹೆಚ್ಚಾಗಿ ಹೋದ ಕ್ರಿಸ್‌ಮಸ್ಸಿಗೆ ಹಡಗು ಬಿಟ್ಟು ಬಂದರಂತೆ. ಮಧ್ಯೆ ಅಮ್ಮನಿಗೆ ಆಪರೇಷನ್ ಆದಾಗ ಕಾಗದಕ್ಕೆ ಸಹಿ ಹಾಕಿದ್ದು ಅವಳೇ. ಅಪ್ಪ ಆಗ ಯಾವುದೋ ಬಂದರಿನಲ್ಲಿದ್ದರು. ಇದನ್ನೆಲ್ಲ ಅವಳು ಪೇಟೆಯ ಸುದ್ದಿ ಹೇಳುವ ಹಾಗೆ ಹೇಳಿ, “ಮನೆಗೆ ಬಾ. ಪಪ್ಪ ನಿನ್ನನ್ನು ಕೇಳ್ತಿರ್ತಾರೆ” ಎಂದಳು.

ಮುಂದಿನ ಭಾನುವಾರ ಬೆಳ್ಮಣ್ಣಿಗೆ ಹೋದೆ. ಫೆಲಿಕ್ಸ್ ಅಂಕಲ್ ಜಗಲಿಯ ಕುರ್ಚಿಯಲ್ಲಿ ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. “ಬಾ ಲಾಯರೇ!” ಎಂದು ಕೈ ಹಿಡಿದರು. ಅವರ ಹೆಂಡತಿ ಚಹಾ, ಹಿಟ್ಟಲ್ಲಿ ಅದ್ದಿ ಕರಿದ ಬಾಳೆಹಣ್ಣಿನ ಪೋಡಿ ತಂದಿಟ್ಟು ಬಾಗಿಲ ಹತ್ತಿರ ನಿಂತರು. ನಾನು ಬಸ್ಸಿನಲ್ಲಿ ಉರುಹೊಡೆದು ಬಂದಿದ್ದನ್ನು ಹೇಳಿದೆ.

“ಅಂಕಲ್, ಅವತ್ತಿನ ರೋಲ್ ಲಾಯ್ಕ್ ಇತ್ತು.”

“ಅದು ನಂಗೆ ಅವತ್ತೇ ಗೊತ್ತುಂಟು ಮಾರಾಯ. ಎರಡನೇದು ತಿನ್ನುವಾಗ ನೀನು ಒಂದು ಮಾತೂ ಆಡ್ಲಿಲ್ಲ” ಎಂದು ನಕ್ಕರು. “ರುಚಿಯದ್ದು ಬಿಡು. ಆ ಶೇಂದಿಯದ್ದು ಹೇಳಿದಿಯಲ್ಲ, ಅದು ಸ್ವಲ್ಪ ಬೇಜಾರಾಯ್ತು. ಆದ್ರೆ ರಜೆಯಲ್ಲಿ ಯಾರು ತಿಂತಾರೆ ಅಂತ ಕೇಳಿದಿ ನೋಡು, ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ರಾತ್ರಿಯಿಡೀ ಯೋಚನೆ ಮಾಡಿದೆ. ಸಿಗ್ಲಿಲ್ಲ.”

ನಾನು ಪ್ರೆಸಿಲ್ಲಾಳ ಕಡೆ ತಿರುಗಿದೆ. “ನಿನ್ನ ಒಂದು ನಿಮಿಷ ಬಾಕಿ ಉಂಟು. ಅವತ್ತು ಎಂತ ಹೇಳ್ಲಿಕ್ಕಿದ್ದಿ?”

“ಈಗ ಎಂತಕ್ಕೆ ಅದೆಲ್ಲ?”

“ಹೇಳು.”

ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ಮಣಿಪಾಲದ ಆಸ್ಪತ್ರೆಗೆ ರಜೆ ಉಂಟಾ?” ಎಂದಳು. “ಅಷ್ಟೇ. ಕಾಲೇಜಿನವರು ಹೋದ್ರೆ ಹೋಗ್ಲಿ. ರೋಗಿಗಳ ಜೊತೆ ಬಂದವರು ಮಳೆಗಾಲದಲ್ಲಿ ಎಲ್ಲಿಗೆ ಹೋಗ್ತಾರೆ? ಆಮೇಲೆ ಮಮ್ಮಿಗೆ ಆಪರೇಷನ್ ಆದಾಗ ಹದಿನೈದು ದಿನ ಅಲ್ಲಿದ್ದೆ ನಾನು. ಜೂನ್ ತಿಂಗಳು. ನಿಂತ್ಕೊಂಡೇ ಬನ್ನು ತಿಂದು ಮತ್ತೆ ಮೇಲೆ ಓಡುವವರು ಎಷ್ಟು ಜನ!”

ಅಂಕಲ್ ಅವರ ಮಂಡಿಯ ಮೇಲಿನ ಬಟ್ಟೆ ಬಿಚ್ಚಿಹೋಗಿತ್ತು. ಅದನ್ನು ಮತ್ತೆ ಸುತ್ತತೊಡಗಿದರು. ಸುತ್ತಿ ಮುಗಿಸಿ ಮಗಳಿಗೆ, “ಹೌದಲ್ಲ ಬಾಯೆ” ಎಂದರು.

ಬಾಗಿಲ ಹತ್ತಿರ ನಿಂತಿದ್ದ ಅವಳ ಅಮ್ಮ ಕೇಳಿದರು, “ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ನೀನು?”

“ಬಸ್ಸಿಗೆ ಹೊತ್ತಾಗಿತ್ತು ಮಮ್ಮಿ” ಎಂದಳು ಪ್ರೆಸಿಲ್ಲಾ. ನನ್ನ ಕಡೆ ನೋಡಲಿಲ್ಲ. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹೊತ್ತಾಗಿರಲಿಲ್ಲ, ಬಸ್ಸಿನ ನೆಪ ನನ್ನದು. ಅದನ್ನು ನಾನು ಅಲ್ಲೇ, ಆ ಜಗಲಿಯಲ್ಲೇ ಎದ್ದು ಹೇಳಬೇಕಿತ್ತು. ಬದಲಿಗೆ ಪೋಡಿ ಒಳ್ಳೆಯದುಂಟು ಎಂದೆ.